ಬಾಗಿಲಿಗೆ ಬರುವ ಸುಗ್ಗಿ

ಕಾರವಾರದಿಂದ ಅಂಕೋಲೆಗೆ ಸುಮಾರು 35 ಕಿಲೋಮೀಟರುಗಳ ಹಾದಿ. ಎಡಗಡೆಗೆ ಸಹ್ಯಾದ್ರಿಯ ಗುಡ್ಡಗಳು ಕಡಲಂಚಿನವರೆಗೂ ಇಳಿದು ಬಂದಿವೆ. ಬಲಗಡೆಗೆ ತೆಂಗಿನ ಸಾಲುಗಳ ಎಡೆಯಿಂದ ಅರಬ್ಬೀ ಸಮುದ್ರವು ಒಮ್ಮೆ ಕಾಣಿಸಿಕೊಂಡು ಒಮ್ಮೆ ಮರೆಯಾಗುತ್ತದೆ. 1880ರ ದಶಕದ ಆರಂಭದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ತರುಣ ರವೀಂದ್ರನಾಥ ಠಾಕೂರರು ಈ ಕಡಲತಡಿಗೆ ಮನಸೋತಿದ್ದರು. ಕಾರವಾರದ ಸಮುದ್ರತೀರಕ್ಕೆ ಈಗ ಅವರದೇ ಹೆಸರಿದೆ. ಅಂದಿನಿಂದ ಇಂದಿನವರೆಗೆ ಬಂದ ಪ್ರವಾಸಿಗರೆಲ್ಲ ಕಡಲನ್ನು ಕಂಡರು, ಕಾಳೀ ನದಿಯ ಅಳಿವೆಯನ್ನು ಕಂಡರು, ಮೀನಿನೂಟ ಮುಗಿಸಿ ಗೋವೆಗೋ ಗೋಕರ್ಣಕ್ಕೋ ಹೊರಟುಹೋದರು. ಆದರೆ ಫಾಲ್ಗುಣ ಮಾಸದಲ್ಲಿ, ಹೋಳಿ ಹುಣ್ಣಿಮೆಗೆ ಇನ್ನು ಕೆಲವೇ ದಿನಗಳಿರುವಾಗ, ಅಂಕೋಲೆಯ ಸುತ್ತಲಿನ ಯಾವುದಾದರೊಂದು ಹಳ್ಳಿಯಲ್ಲಿ ಒಂದು ರಾತ್ರಿ ತಂಗಿದವನ ಭಾಗ್ಯವೇ ಬೇರೆ. ಹೊತ್ತು ಮುಳುಗಿ ಬೆಳದಿಂಗಳು ಗದ್ದೆಗಳ ಮೇಲೆ ಹರಡುವ ಹೊತ್ತಿಗೆ ದೂರದ ಕೊಪ್ಪದಿಂದ ಗುಮಟೆಯ ದನಿ ತೇಲಿ ಬರುತ್ತದೆ. ಮಾವಿನ ಮರಗಳಲ್ಲಿ ಮಿಡಿಗಾಯಿಗಳು ತೂಗುತ್ತಿರುತ್ತವೆ. ಸುಗ್ಗಿ ಹೊರಟಿತೆಂದು ಊರು ಕಿವಿಗೊಡುತ್ತದೆ.

ಇದು ವೇಷ ಧರಿಸಿದವರು ಮನೆ ಮನೆಯ ಬಾಗಿಲಿಗೆ ಬರುವ ಹಬ್ಬ. ಬಾಗಿಲು ತೆರೆಯಲು ಒಳಗೆ ಯಾರಾದರೂ ಇರಬೇಕೆಂಬುದೇ ಇದಕ್ಕೆ ಬೇಕಾದ ಮೊದಲ ಸಿದ್ಧತೆ.

ಈ ಸೀಮೆಯ ಯಾವ ಊರಿಗೆ ಹೋದರೂ ಈಗ ಇಬ್ಬರೇ ಇರುವ ಮನೆಗಳು ಕಾಣಸಿಗುತ್ತವೆ. ಹೆಂಚಿನ ಮಾಡು, ಸೆಗಣಿ ಸಾರಿಸಿದ ಅಂಗಳ, ನಡುವೆ ತುಳಸಿಕಟ್ಟೆ. ಜಗಲಿಯ ಮೇಲೆ ಒಂದು ಮುದಿ ದಂಪತಿ. ಅಂಕೋಲೆ ತಾಲೂಕು ಶಾಲಾ ಮಾಸ್ತರರ ತವರೆಂದು ಹೆಸರಾದದ್ದು. ಆದುದರಿಂದ ಅಂಥ ಒಂದು ಮನೆಯಲ್ಲಿ ನಿವೃತ್ತ ಮಾಸ್ತರರೊಬ್ಬರು ತಮ್ಮ ಮಡದಿಯೊಡನೆ ಇದ್ದಾರೆಂದು ಓದುಗರು ಭಾವಿಸಿಕೊಳ್ಳಬಹುದು. ಮಗ ಬೆಂಗಳೂರಿನಲ್ಲಿದ್ದಾನೆ, ಮಗಳು ಸಮುದ್ರದಾಚೆ ಅಮೆರಿಕದಲ್ಲಿದ್ದಾಳೆ. ಇಬ್ಬರದೂ ಸುಖಸಂಸಾರ, ದೂರಲು ಏನೂ ಇಲ್ಲ. ಹಬ್ಬ ಬಂದಾಗ ಮಾತ್ರ ಮನೆ ಇದ್ದಕ್ಕಿದ್ದಂತೆ ದೊಡ್ಡದಾಗಿ ಕಾಣುತ್ತದೆ. ಮಕ್ಕಳು ಚಿಕ್ಕವರಿದ್ದಾಗ ದೀಪಾವಳಿಗೆ ಬಿದಿರಿನ ಕಡ್ಡಿ ಸೀಳಿ ಆಕಾಶಬುಟ್ಟಿ ಕಟ್ಟುತ್ತಿದ್ದ ಮಾಸ್ತರರು ಈಗ ಪೇಟೆಯಿಂದ ಒಂದನ್ನು ಕೊಂಡು ತಂದು ತೂಗಹಾಕುತ್ತಾರೆ. ಚೌತಿಗೆ ಡಬ್ಬಗಟ್ಟಲೆ ಚಕ್ಕುಲಿ ಸುಡುತ್ತಿದ್ದ ಗೃಹಿಣಿ ಈಗ ಹಿಟ್ಟನ್ನು ಅಳೆಯುವಾಗಲೇ ಕೈ ತಡೆಯುತ್ತಾಳೆ. ‘ಯಾರಿಗಾಗಿ ಮಾಡುವುದು?’ ಎಂಬ ಪ್ರಶ್ನೆಯನ್ನು ಇಬ್ಬರೂ ಬಾಯಿಬಿಟ್ಟು ಕೇಳಿಕೊಂಡಿಲ್ಲ. ಆದರೆ ಅದು ವರ್ಷದ ಪ್ರತಿಯೊಂದು ಹಬ್ಬದಲ್ಲೂ ಅಡಿಗೆಮನೆಯ ಹೊಸ್ತಿಲವರೆಗೆ ಬಂದು ನಿಲ್ಲುತ್ತದೆ.

ಸುಗ್ಗಿಯ ಕಾಲದಲ್ಲಿ ಮಾತ್ರ ಆ ಪ್ರಶ್ನೆಗೆ ಎಡೆಯಿಲ್ಲ. ಮನೆಯಲ್ಲಿ ಮಕ್ಕಳಿರಲಿ, ಇಲ್ಲದಿರಲಿ, ಸುಗ್ಗಿಯವರು ಬಂದೇ ಬರುತ್ತಾರೆ.

ಸುಗ್ಗಿ ಎಂದರೆ ಬೆಳೆಯ ಕೊಯ್ಲು. ಬತ್ತ ಮನೆಗೆ ಬಂದು, ದುಡಿಯುವ ಕೈಗಳಿಗೆ ಕೊಂಚ ಬಿಡುವು ದೊರೆತಾಗ ಹುಟ್ಟಿದ ಹಾಡು ಕುಣಿತಗಳಿಗೂ ಅದೇ ಹೆಸರು ನಿಂತಿತು. ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ ತಾಲೂಕುಗಳಲ್ಲಿ ನೆಲೆಸಿರುವ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಇವುಗಳಲ್ಲಿ ಪ್ರಸಿದ್ಧವಾದದ್ದು. ಅಂಕೋಲೆಯ ಕೋಮಾರಪಂತರೂ ಸುಗ್ಗಿಯನ್ನು ಕುಣಿಯುತ್ತಾರೆ. ಕಾರವಾರದ ಕೊಂಕಣಿ ಮಾತಿನ ಮನೆಗಳಲ್ಲಿ ಇದೇ ಹಬ್ಬದ ಹೆಸರು ಶಿಗ್ಮೊ. ಹಾಲಕ್ಕಿಗಳ ಸಮಾಜವ್ಯವಸ್ಥೆ ಬಹು ಹಳೆಯದು. ಅವರಿಗೆ ಏಳು ಸೀಮೆಗಳಿವೆ. ಊರಿಗೊಬ್ಬ ಗೌಡ, ಅವನಿಗೆ ನೆರವಾಗಲು ಬುಧವಂತ, ಸುದ್ದಿ ಮುಟ್ಟಿಸಲು ಕೋಲಕಾರ. ಸುಗ್ಗಿ ಎಂದು ಹೊರಡಬೇಕು, ಯಾರು ಯಾರು ಕುಣಿಯಬೇಕು ಎಂಬುದೆಲ್ಲ ಹಿರಿಯರ ಮುಂದೆ ನಿಶ್ಚಯವಾಗುತ್ತದೆ. ಕುಣಿಯುವವರೆಲ್ಲ ಗಂಡಸರು. ಹಲವು ಊರುಗಳಲ್ಲಿ ಸುಗ್ಗಿ ಮುಗಿಯುವವರೆಗೆ ಅವರು ತಮ್ಮ ಮನೆಗಳಿಗೆ ಹೋಗದೆ, ಒಂದೆಡೆ ತಂಗಿ, ಒಟ್ಟಿಗೆ ಉಂಡು, ನೇಮದಿಂದ ಇರುತ್ತಾರೆ. ತಮ್ಮ ಮನೆಯನ್ನು ಬಿಟ್ಟವರೇ ಊರಿನ ಎಲ್ಲರ ಮನೆಗೂ ಹೋಗುವುದೆಂದರೆ ಅದರಲ್ಲೊಂದು ಸೊಗಸಿದೆ.

ಅವರ ವೇಷವನ್ನು ಒಮ್ಮೆ ಕಂಡವರು ಮರೆಯಲಾರರು. ಉದ್ದನೆಯ ನಿಲುವಂಗಿ, ಕೈಯಲ್ಲಿ ಕೋಲು, ನವಿಲುಗರಿಯ ಕುಂಚ, ಕಾಲಲ್ಲಿ ಗೆಜ್ಜೆ. ಎಲ್ಲಕ್ಕಿಂತ ಮಿಗಿಲಾದದ್ದು ತಲೆಯ ಮೇಲಿನ ತುರಾಯಿ. ಬೆಂಡಿನಿಂದ ಕೊರೆದ ಹೂಗಳು, ಬಣ್ಣದ ಕಾಗದ, ಮಿರುಗುವ ಬೇಗಡೆ ಇವನ್ನೆಲ್ಲ ಪೋಣಿಸಿ ಕಟ್ಟಿದ ಆ ಶಿರೋಭೂಷಣವು ಹೂಬಿಟ್ಟ ಗಿಡವೊಂದನ್ನು ತಲೆಯ ಮೇಲೆ ಹೊತ್ತಂತೆ ತೋರುತ್ತದೆ. ಅದನ್ನು ಹೊತ್ತು ಗಂಟೆಗಟ್ಟಲೆ ಕುಣಿಯಬೇಕಾದರೆ ಕುತ್ತಿಗೆಯಲ್ಲಿ ಕಸುವು ಬೇಕು. ಹಿಮ್ಮೇಳಕ್ಕೆ ಜಾಗಟೆ, ತಾಳ ಮತ್ತು ಗುಮಟೆ. ಗುಮಟೆಯು ಮಣ್ಣಿನ ಗಡಿಗೆಯಂಥ ವಾದ್ಯ. ಅದರ ಒಂದು ಬಾಯಿಗೆ ತೊಗಲು ಬಿಗಿದು, ಇನ್ನೊಂದು ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದು ನಾದವನ್ನು ಏರಿಳಿಸುತ್ತಾರೆ. ಹಿಂದೆ ಉಡದ ಚರ್ಮವನ್ನು ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಉಡಕ್ಕೆ ರಕ್ಷಣೆ ಕೊಟ್ಟ ಮೇಲೆ ಆಡಿನ ಚರ್ಮ ಆ ಸ್ಥಾನಕ್ಕೆ ಬಂದಿದೆ. ನೆರೆಯ ಗೋವೆಯು 2019ರಲ್ಲಿ ಇದೇ ವಾದ್ಯವನ್ನು ತನ್ನ ರಾಜ್ಯದ ಪರಂಪರಾಗತ ವಾದ್ಯವೆಂದು ಸಾರಿತು.

ತಂಡವು ಅಂಗಳಕ್ಕೆ ಬಂದಾಗ ಮನೆಯವರ ಕೆಲಸ ಆರಂಭವಾಗುತ್ತದೆ. ದೀಪ ಹಚ್ಚಿಡಬೇಕು. ಗೆರಸೆಯಲ್ಲಿ ಅಕ್ಕಿ, ಅದರ ಮೇಲೊಂದು ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಕೈಲಾದಷ್ಟು ಕಾಣಿಕೆ ಇಟ್ಟು ಕಾಯಬೇಕು. ಕುಣಿತವು ನಿಧಾನವಾಗಿ ಮೊದಲಾಗಿ, ಗುಮಟೆಯ ಗತಿ ಏರಿದಂತೆ ಸುತ್ತು ಬಿಗಿಯಾಗುತ್ತದೆ. ತುರಾಯಿಗಳು ಒಂದೇ ತೋಟದ ಹೂಗಳಂತೆ ಒಮ್ಮೆಗೇ ಬಾಗಿ ಒಮ್ಮೆಗೇ ಏಳುತ್ತವೆ. ಕಡೆಗೆ ಮನೆಗೂ ದನಕರುಗಳಿಗೂ ಬೆಳೆಗೂ ಒಳಿತನ್ನು ಹಾರೈಸಿ ತಂಡವು ಮುಂದಿನ ಮನೆಗೆ ಸಾಗುತ್ತದೆ.

ಹೀಗೆ ಬಂದವರು ಅಪರಿಚಿತರಲ್ಲ. ವೇಷದೊಳಗೆ ಇರುವವನು ನೆರೆಯ ಕೊಪ್ಪದ ಗೌಡ. ತಿಂಗಳಿಗೊಮ್ಮೆ ಇದೇ ಹಿತ್ತಿಲಿನ ತೆಂಗಿನ ಮರಗಳನ್ನು ಹತ್ತಿ ಕಾಯಿ ಕೆಡಹುವವನು. ಅವನ ಮನೆಯವಳು ತಲೆಯ ಮೇಲೆ ತರಕಾರಿಯ ಬುಟ್ಟಿ ಹೊತ್ತು ಅಂಕೋಲೆಯ ಪೇಟೆಗೆ ಹೋಗುವಾಗ ಇದೇ ಜಗಲಿಯಲ್ಲಿ ಕುಳಿತು ನೀರು ಕುಡಿಯುತ್ತಾಳೆ. ವರ್ಷವಿಡೀ ಹಿತ್ತಿಲ ಬಾಗಿಲಿಗೆ ಬರುವ ಮನುಷ್ಯನು ಅಂದು ತುರಾಯಿ ತೊಟ್ಟು ಮುಂಬಾಗಿಲಿಗೆ ಬರುತ್ತಾನೆ. ಮಾಸ್ತರರು ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಾರೆ. ಗೃಹಿಣಿ ದೀಪವಿಟ್ಟು ಕೈ ಮುಗಿಯುತ್ತಾಳೆ. ಒಡೆಯರು ಯಾರು, ಒಕ್ಕಲು ಯಾರು ಎಂಬ ಲೆಕ್ಕ ಆ ಅರ್ಧ ಗಂಟೆಯ ಮಟ್ಟಿಗೆ ಮರೆಯಾಗುತ್ತದೆ. ಬೆಳಂಬಾರದ ಸುಗ್ಗಿಯ ತಂಡವಂತೂ ಅಂಕೋಲೆಯ ತಾಲೂಕು ಕಚೇರಿಯ ಅಂಗಳದಲ್ಲೂ ಕುಣಿದು ಮರ್ಯಾದೆ ಪಡೆಯುವ ರೂಢಿಯಿದೆ. ಸರ್ಕಾರಕ್ಕೂ ಒಂದು ಅಂಗಳವಿದೆಯಲ್ಲವೇ? ಅದೂ ಊರಿನ ಒಂದು ಮನೆಯೇ ಸರಿ.

ಕುಣಿತದ ಗಾಂಭೀರ್ಯಕ್ಕೆ ಜೊತೆಯಾಗಿ ನಗೆಯೂ ಇದೆ. ಸುಗ್ಗಿಯ ಕಡೆಯ ದಿನಗಳಲ್ಲಿ ಹಗರಣ ಹೊರಡುತ್ತದೆ. ಈ ಮಾತನ್ನು ಇಂದಿನ ಪತ್ರಿಕೆಗಳು ಹಣ ನುಂಗಿದ ಪ್ರಕರಣಗಳಿಗೆ ಬಳಸುತ್ತವೆ. ಆದರೆ ಹಳಗನ್ನಡದ ‘ಪಗರಣ’ದಿಂದ ಬಂದ ಹಗರಣಕ್ಕೆ ವೇಷ ಹಾಕಿ ಆಡುವ ವಿನೋದವೆಂದೇ ಮೊದಲ ಅರ್ಥ. ಅಂಕೋಲೆಯ ಕಡೆ ಆ ಅರ್ಥ ಇಂದಿಗೂ ಜೀವಂತವಾಗಿದೆ. ಮುಖಕ್ಕೆ ಮಸಿ ಬಳಿದವನು, ಹೆಣ್ಣುಡುಗೆ ಉಟ್ಟವನು, ಹುಲ್ಲಿನ ಮೀಸೆ ಅಂಟಿಸಿಕೊಂಡ ಸಾಹೇಬ, ಸುಳ್ಳು ಮದ್ದು ಕೊಡುವ ವೈದ್ಯ – ಹೀಗೆ ಊರಿನಲ್ಲಿ ಕಂಡದ್ದನ್ನೂ ಕಾಣಬಾರದ್ದನ್ನೂ ಅಣಕಿಸುವ ವೇಷಗಳು ಸಾಲಾಗಿ ಬರುತ್ತವೆ. ದೊಡ್ಡವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಚಿಕ್ಕವರು ಕಿರಿಚಿಕೊಂಡು ಓಡುತ್ತಾರೆ. ಮಾಸ್ತರರ ಮನೆಯ ಅಂಗಳದಲ್ಲಿ ಹಿಂದೆ ಹೆದರಿ ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದು ಅವರ ಮಗಳು. ಈಗ ಅದೇ ಸೆರಗನ್ನು ಹಿಡಿದುಕೊಳ್ಳುವವರು ಬೇಲಿಯಾಚೆಯ ಮನೆಯ ಮಕ್ಕಳು. “ಅಜ್ಜೀ, ಅದು ಹೋಯಿತೇ?” ಎಂದು ಅವರು ಕಣ್ಣು ಮುಚ್ಚಿಕೊಂಡೇ ಕೇಳುತ್ತಾರೆ. “ಇನ್ನೂ ಇಲ್ಲ, ಸ್ವಲ್ಪ ತಡೆಯಿರಿ” ಎಂದು ಆಕೆ ನಗುತ್ತಾಳೆ. ಸೆರಗಿಗೆ ಮಾತ್ರ ಯಾವ ವ್ಯತ್ಯಾಸವೂ ತಿಳಿದಂತಿಲ್ಲ.

ಅಮೆರಿಕದಲ್ಲಿರುವ ಮಗಳು ದೂರವಾಣಿಯ ತೆರೆಯಲ್ಲಿ ಕಾಣಿಸಿಕೊಂಡು ತನ್ನ ಕೇರಿಯ ಹಬ್ಬವೊಂದರ ವಿಚಾರ ಹೇಳುತ್ತಾಳೆ. ಅಲ್ಲಿ ಅಕ್ಟೋಬರ್ 31ರ ಸಂಜೆ ಹ್ಯಾಲೋವೀನ್. ನವೆಂಬರ್ 1 ಕ್ರೈಸ್ತರಿಗೆ ಸಕಲ ಸಂತರ ದಿನ. ಅದರ ಹಿಂದಿನ ಸಂಜೆಯೇ ಈ ಹಬ್ಬ. ಐರ್ಲೆಂಡಿನ ಕಡೆ ಪುರಾತನ ಕೆಲ್ಟಿಕ್ ಜನರು ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಆ ಹೊತ್ತಿನಲ್ಲಿ ಸಾವಿನ್ ಎಂಬ ಹಬ್ಬವನ್ನು ಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ, ಆಲೂಗಡ್ಡೆಯ ಬೆಳೆ ನಾಶವಾಗಿ 1845ರಿಂದ ಬಂದೆರಗಿದ ಕ್ಷಾಮದಿಂದ ಊರು ಬಿಟ್ಟ ಐರಿಷ್ ಜನರು ತಮ್ಮ ಆಚರಣೆಗಳನ್ನೂ ಗಂಟುಕಟ್ಟಿಕೊಂಡು ಅಮೆರಿಕಕ್ಕೆ ಹೋದರು. ತವರಿನಲ್ಲಿ ಟರ್ನಿಪ್ ಎಂಬ ಗೆಡ್ಡೆಯನ್ನು ಕೊರೆದು ದೀಪವಿಡುತ್ತಿದ್ದವರಿಗೆ ಅಲ್ಲಿ ಕುಂಬಳಕಾಯಿ ಸಿಕ್ಕಿತು. ಇಪ್ಪತ್ತನೆಯ ಶತಮಾನದಲ್ಲಿ ಅದು ಮಕ್ಕಳು ವೇಷ ಹಾಕಿ, ಮನೆ ಮನೆಯ ಬಾಗಿಲು ತಟ್ಟಿ, ಮಿಠಾಯಿ ಪಡೆಯುವ ಹಬ್ಬವಾಗಿ ಬೆಳೆಯಿತು. ಕೊಡದಿದ್ದರೆ ಏನಾದರೂ ಕಿತಾಪತಿ ಮಾಡುವೆವೆಂಬ ಹುಸಿ ಬೆದರಿಕೆಯೂ ಉಂಟು.

ಆ ಬೆದರಿಕೆಯ ಮಾತು ಕೇಳಿ ಮಾಸ್ತರರಿಗೆ ನಗು. ಉತ್ತರ ಕನ್ನಡದ ಹಳ್ಳಿಗಳಲ್ಲಿ ದೀಪಾವಳಿಯ ರಾತ್ರಿ ಹಿತ್ತಿಲಿನ ಸವತೆಕಾಯಿ, ಎಳನೀರುಗಳು ಸದ್ದಿಲ್ಲದೆ ಮಾಯವಾಗುವುದುಂಟು. ಅದು ಬೂರೆಯ ಕಳವು. ಹಬ್ಬದ ಹುಡುಗಾಟವೆಂದು ಮರುದಿನ ಮನೆಯವರೇ ನಕ್ಕು ಸುಮ್ಮನಾಗಬೇಕು. ಕಾರವಾರದ ಕ್ರೈಸ್ತ ಕುಟುಂಬಗಳಿಗೆ ಸಕಲ ಸಂತರ ದಿನವೂ, ಅದರ ಮರುದಿನ ನವೆಂಬರ್ 2ರಂದು ಅಗಲಿದವರ ಸಮಾಧಿಗಳಿಗೆ ಮೇಣದ ಬತ್ತಿ ಹಚ್ಚುವುದೂ ಹೊಸತಲ್ಲ. ಮಗಳು ಬಣ್ಣಿಸುವ ದೂರದ ಹಬ್ಬದ ತುಣುಕುಗಳು ಈ ಕರಾವಳಿಯಲ್ಲಿ ಬೇರೆ ಬೇರೆ ಮನೆಗಳಲ್ಲಿ ಬೇರೆ ಬೇರೆ ಹೆಸರಿನಿಂದ ಇದ್ದೇ ಇವೆ.

ಮಗಳ ಕೇರಿಯಲ್ಲಿ ಅವಳ ಎದುರುಮನೆಯವರು ವಯಸ್ಸಾದ ದಂಪತಿ. ಅವರ ಮಕ್ಕಳೂ ಬೆಳೆದು ದೂರ ಹೋಗಿದ್ದಾರೆ. ಆದರೂ ಅಂದು ಸಂಜೆ ಅವರು ಅಂಗಳದಲ್ಲಿ ಎರಡು ಕುರ್ಚಿ ಹಾಕಿ, ಮಡಿಲಲ್ಲಿ ಮಿಠಾಯಿಯ ಬೋಗುಣಿ ಇಟ್ಟುಕೊಂಡು ಕುಳಿತುಕೊಳ್ಳುತ್ತಾರೆ. ಅಕ್ಕಪಕ್ಕದವರೂ ತಮ್ಮ ತಮ್ಮ ಕುರ್ಚಿಗಳೊಡನೆ ಅಲ್ಲಿಗೆ ಬಂದು ಸೇರುತ್ತಾರೆ. ಅಲ್ಲಿಯ ವಾಡಿಕೆ ಇಷ್ಟೆ: ಮುಂಬಾಗಿಲಿನ ದೀಪ ಉರಿಯುತ್ತಿದ್ದರೆ ಮಕ್ಕಳು ಆ ಮನೆಗೆ ಬರುತ್ತಾರೆ, ದೀಪ ಆರಿದ್ದರೆ ದಾಟಿ ಹೋಗುತ್ತಾರೆ. ಇದನ್ನು ಕೇಳಿದ ತಾಯಿ, “ಹಾಗಾದರೆ ಅವರೂ ದೀಪ ಹಚ್ಚಿಟ್ಟು ಕಾಯುವವರೇ ಅನ್ನು” ಎಂದಳಂತೆ.

ಹೋಲಿಕೆಗೆ ಒಂದು ಎಲ್ಲೆಯೂ ಇದೆ. ಅಲ್ಲಿ ಹಬ್ಬದ ಹೊರೆ ಹೊತ್ತವರು ಮಕ್ಕಳು; ಕೇರಿಯಲ್ಲಿ ಮಕ್ಕಳಿಲ್ಲವಾದರೆ ಬಾಗಿಲು ತಟ್ಟುವವರಿಲ್ಲ. ಇಲ್ಲಿ ಹೊರೆ ಹೊತ್ತವರು ಊರಿನ ಗಂಡಸರು. ಅವರು ಬರುವುದು ಮನೆಗೆ, ಮನೆಯ ಮಕ್ಕಳಿಗಾಗಿ ಅಲ್ಲ. ಮಕ್ಕಳು ದೊಡ್ಡವರಾದ ಕಾರಣಕ್ಕೆ ಸುಗ್ಗಿಯವರು ಒಂದು ಅಂಗಳವನ್ನು ಬಿಟ್ಟು ಹೋಗುವುದಿಲ್ಲ. ಮುಪ್ಪಿನಲ್ಲಿ ಇಬ್ಬರೇ ಉಳಿದವರಿಗೆ ಇದಕ್ಕಿಂತ ದೊಡ್ಡ ಸಮಾಧಾನವಿಲ್ಲ: ಅವರು ಇನ್ನೂ ಊರಿನ ಲೆಕ್ಕದಲ್ಲಿದ್ದಾರೆ.

ಆದರೆ ಲೆಕ್ಕಕ್ಕೆ ಎರಡು ಬದಿ. ಕಾಯುವವರ ಮಕ್ಕಳು ಮಾತ್ರ ದೂರ ಹೋಗಿಲ್ಲ, ಕುಣಿಯುವವರ ಮಕ್ಕಳೂ ಹೋಗಿದ್ದಾರೆ. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ ಮೇಲೆ ಗೋವೆ, ಮುಂಬಯಿ, ಮಂಗಳೂರುಗಳು ಅಂಕೋಲೆಯ ನಿಲ್ದಾಣಕ್ಕೆ ಹತ್ತಿರವಾದವು. ಹೋಟೆಲಿನಲ್ಲೋ ಕಾರಖಾನೆಯಲ್ಲೋ ಕೆಲಸಕ್ಕಿರುವ ತರುಣನಿಗೆ ಹೋಳಿಯೆಂದು ಒಂದು ದಿನ ರಜೆ ಸಿಕ್ಕೀತು. ಮನೆಗೆ ಹೋಗದೆ, ನೇಮ ಹಿಡಿದು, ಹುಣ್ಣಿಮೆಯವರೆಗೆ ಕುಣಿಯುವೆನೆಂದರೆ ಯಾವ ಧಣಿ ಒಪ್ಪಿಯಾನು? ಮಾರ್ಚ್ ತಿಂಗಳೆಂದರೆ ಶಾಲೆಯ ಮಕ್ಕಳಿಗೆ ಪರೀಕ್ಷೆಯ ಕಾಲವೂ ಹೌದು. ತುರಾಯಿಗಳು ಅಟ್ಟದಲ್ಲಿವೆ, ಹೊರುವ ತಲೆಗಳನ್ನು ಹುಡುಕಬೇಕಾಗಿದೆ. ಹಾಗಿದ್ದರೂ ಹಟ ತೊಟ್ಟು ಊರಿಗೆ ಮರಳಿ ಬರುವ ತರುಣರಿದ್ದಾರೆ.

ಅಂಗಳಗಳೇ ಇಲ್ಲವಾದ ಕಥೆಯೂ ಈ ಹಾದಿಯಲ್ಲೇ ಇದೆ. ‘ಸೀಬರ್ಡ್’ ಎಂಬ ನೌಕಾನೆಲೆಯ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿದ್ದಿತು. 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಅದಕ್ಕಾಗಿ ಕಾರವಾರ ಅಂಕೋಲೆಗಳ ನಡುವಿನ ಕಡಲಂಚಿನ ಹಳ್ಳಿಗಳಿಂದ ಸಾವಿರಾರು ಕುಟುಂಬಗಳು ಏಳಬೇಕಾಯಿತು. ತೋಡೂರು, ಮುದಗಾ ಮೊದಲಾದ ಕಡೆಗಳ ಹೊಸ ವಸತಿಗಳಲ್ಲಿ ಅವರಿಗೆ ನಿವೇಶನ ದೊರೆಯಿತು, ಪರಿಹಾರಧನದ ವಿವಾದವು ಬಹುಕಾಲ ನಡೆಯಿತು. ಮನೆಯನ್ನು ಬೇರೆಡೆ ಕಟ್ಟಬಹುದು. ಆದರೆ ಹಳೆಯ ನೆರೆಯವರೆಲ್ಲ ಅದೇ ಸಾಲಿನಲ್ಲಿ ಬಂದು ನೆಲೆಸುವುದಿಲ್ಲ. ಯಾರ ಅಂಗಳದಿಂದ ಮೊದಲಾಗಿ ಯಾರ ಅಂಗಳದಲ್ಲಿ ಮುಗಿಯಬೇಕೆಂದು ತಲೆಮಾರುಗಳಿಂದ ಕಾಲಿಗೆ ಗೊತ್ತಿದ್ದ ದಾರಿಯನ್ನು ಮತ್ತೆ ಹೊಸದಾಗಿ ತುಳಿಯಬೇಕಾಗುತ್ತದೆ.

ನೆರೆಹೊರೆ ಎಂಬುದು ಎಷ್ಟು ದೊಡ್ಡದಾಗಬಲ್ಲದೆಂಬುದಕ್ಕೆ ಅಂಕೋಲೆಯಲ್ಲೇ ಒಂದು ನಿದರ್ಶನವಿತ್ತು. ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿಗಳ ಸಾವಿರಾರು ಹಾಡುಗಳನ್ನು ಕಂಠದಲ್ಲಿ ಹೊತ್ತಿದ್ದವರು. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಆ ತಾಯಿ ತಮ್ಮ ಜನರ ಕುಡಿತದ ಚಟದ ವಿರುದ್ಧ ಹೋರಾಡಿದರು, ಕಲಿಯಬಂದವರಿಗೆಲ್ಲ ಹಾಡು ಕಲಿಸಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಊರಿಗೆ ಊರೇ ಅಜ್ಜಿಯನ್ನು ಕಳೆದುಕೊಂಡಿತು. ಕರುಳಿನ ನಂಟಿನಿಂದ ಅಲ್ಲ, ಹಾಡಿನ ಮತ್ತು ಕೇರಿಯ ನಂಟಿನಿಂದ ಅವರು ಎಲ್ಲರಿಗೂ ‘ಸುಕ್ರಜ್ಜಿ’ ಆಗಿದ್ದರು.

ಮಾಸ್ತರರ ಮನೆಯಲ್ಲೂ ಒಂದು ಪ್ರಶ್ನೆ ಎದ್ದಿದೆ. ಮೊಣಕಾಲಿನ ನೋವು ಹೆಚ್ಚಾದ ತಾಯಿಯನ್ನು ನಗರದ ವೈದ್ಯರಿಗೆ ತೋರಿಸಬೇಕು, ಇಬ್ಬರೂ ತನ್ನಲ್ಲಿಗೇ ಬಂದು ಇರಬೇಕು ಎಂದು ಬೆಂಗಳೂರಿನ ಮಗ ಹಟ ಹಿಡಿದಿದ್ದಾನೆ. ಅವನ ಮಾತಿನಲ್ಲಿ ತಪ್ಪಿಲ್ಲ. ಮಳೆಗಾಲದ ರಾತ್ರಿ ಕಾಯಿಲೆ ಬಿದ್ದರೆ ಯಾರು ನೋಡುವರೆಂಬ ಅವನ ಭಯವೂ ನಿಜವೇ. ‘ಸುಗ್ಗಿ ಮುಗಿಯಲಿ’ ಎಂದು ಎರಡು ವರ್ಷ ಮುಂದೂಡಿದ್ದಾಯಿತು. ಈ ಸಲ ಮುಂದೂಡಲು ಆಗಲಿಲ್ಲ. ವೈದ್ಯರು ಕೊಟ್ಟ ದಿನ ಹೋಳಿಗೆ ನಾಲ್ಕು ದಿನ ಮೊದಲೇ ಬಿದ್ದಿತು.

ಹೊರಡುವ ಹಿಂದಿನ ದಿನ ಗೌಡನು ಕಾಯಿ ಕೆಡಹಲು ಬಂದಿದ್ದನು. ಗೃಹಿಣಿ ಸಂಕೋಚದಿಂದ, “ಗೌಡರೇ, ಈ ಸಲ ನಮ್ಮ ಮನೆಯಲ್ಲಿ ಯಾರೂ ಇರುವುದಿಲ್ಲ” ಎಂದಳು.

ಅವನು ಸೊಂಟದ ಕತ್ತಿಯನ್ನು ಸರಿಪಡಿಸಿಕೊಳ್ಳುತ್ತ, “ಅಂಗಳ ಇರುತ್ತದಲ್ಲ, ಅಮ್ಮಾ?” ಎಂದನು.

ಆಕೆ ಒಳಗೆ ಹೋಗಿ ಎರಡು ಸಿದ್ದೆ ಅಕ್ಕಿ ಅಳೆದಳು. ಅಂದು ಕೆಡಹಿದ ಕಾಯಿಗಳಲ್ಲಿ ಚೆನ್ನಾದ ಒಂದನ್ನು ಆರಿಸಿದಳು. ಎರಡನ್ನೂ ಗೆರಸೆಯಲ್ಲಿಟ್ಟು, ಎಣ್ಣೆಯ ಕುಪ್ಪಿಯನ್ನೂ ಬತ್ತಿಯ ಕಟ್ಟನ್ನೂ ಜೊತೆಗಿರಿಸಿ, ಬೇಲಿಯಾಚೆಯ ಮನೆಯವರಿಗೆ ಒಪ್ಪಿಸಿದಳು. ಸುಗ್ಗಿಯವರು ಬಂದ ರಾತ್ರಿ ನೆರೆಮನೆಯಾಕೆ ಬೀಗ ಹಾಕಿದ ಬಾಗಿಲಿನ ಮುಂದೆ, ತುಳಸಿಕಟ್ಟೆಯಲ್ಲಿ, ದೀಪ ಹಚ್ಚಿದಳು. ಅವಳ ಮಕ್ಕಳು ಜಗಲಿಯ ಮೇಲೆ ಸಾಲಾಗಿ ಕುಳಿತರು. ತಂಡವು ಪ್ರತಿ ವರ್ಷ ಹಾಕುವಷ್ಟೇ ಸುತ್ತುಗಳನ್ನು ಹಾಕಿ, ಆ ಮನೆಯ ಹೆಸರು ಹಿಡಿದು ಒಳಿತನ್ನು ಹಾರೈಸಿ, ಅಕ್ಕಿ ಕಾಯಿಗಳನ್ನು ಪಡೆದು ಮುಂದಿನ ಅಂಗಳಕ್ಕೆ ನಡೆಯಿತು.